ದುರಸ್ತಿಯ ಕಾಲದ ಊಟದ ಭತ್ಯೆ: ಇಂಗ್ಲೆಂಡಿನ ಒಂದು ಗೃಹವಿಮೆಯ ವಿಮರ್ಶೆ

ಇಂಗ್ಲೆಂಡಿನ ರೆಡಿಂಗ್‌ನಲ್ಲಿರುವ ನಮ್ಮ ಮನೆಯಲ್ಲಿ ಕಳೆದ ಚಳಿಗಾಲ ಮಹಡಿಯ ನೀರಿನ ಪೈಪು ಒಡೆದು ಅಡುಗೆಮನೆಯ ಸೀಲಿಂಗ್ ಕುಸಿಯಿತು. ಗೋಡೆಗಳು ಒಣಗಿ ದುರಸ್ತಿ ಮುಗಿಯುವವರೆಗೆ ವಿಮಾ ಕಂಪನಿ ನಮ್ಮನ್ನು ಹೋಟೆಲಿನಲ್ಲಿ ಇರಿಸಿತು. ಆ ಏರ್ಪಾಡು ಚುರುಕಾಗಿಯೇ ಆಯಿತು. ನನ್ನ ತಕರಾರು ಇರುವುದು ಊಟದ ಭತ್ಯೆಯ ಬಗ್ಗೆ.

ಅಡುಗೆಗೆ ಅನುಕೂಲವಿಲ್ಲದ ಕಡೆ ಇರಿಸಿದಾಗ ವಿಮಾ ಕಂಪನಿಗಳು ಇಲ್ಲಿ 'ಡಿಸ್ಟರ್ಬೆನ್ಸ್ ಅಲೋಯನ್ಸ್' ಎಂಬ ದಿನಭತ್ಯೆ ಕೊಡುತ್ತವೆ. ದೊಡ್ಡವರಿಗೆ ದಿನಕ್ಕೆ 10 ಪೌಂಡ್, ಮಕ್ಕಳಿಗೆ 5 ಪೌಂಡ್ ಎಂಬುದು ಬಹಳ ಕಡೆ ರೂಢಿಯಲ್ಲಿರುವ ದರ. ನಮಗೆ ಸಿಕ್ಕಿದ್ದೂ ಅಷ್ಟೇ. ಮನೆಯಲ್ಲಿದ್ದರೂ ದಿನಸಿಗೆ ಹಣ ಖರ್ಚಾಗುತ್ತಿತ್ತು, ಆದ್ದರಿಂದ ಅದಕ್ಕಿಂತ ಹೆಚ್ಚಾದ ಖರ್ಚನ್ನು ಮಾತ್ರ ತುಂಬಿಕೊಡುತ್ತೇವೆ ಎನ್ನುವುದು ಕಂಪನಿಯ ಲೆಕ್ಕ, ಮತ್ತು ಆ ತತ್ವ ನನಗೆ ಸರಿಯೆಂದೇ ತೋರುತ್ತದೆ. ರಸೀದಿ ಕೇಳದೆ ಹಣ ಹಾಕಿದ್ದೂ ಮೆಚ್ಚುವಂಥದ್ದೇ. ಆದರೆ ಯಾರು ಏನು ಉಣ್ಣುತ್ತಾರೆ ಎಂದು ಒಮ್ಮೆಯೂ ವಿಚಾರಿಸದೆ ಎಲ್ಲರಿಗೂ ಒಂದೇ ದರ ಕಟ್ಟಿದ್ದು ಸರಿಯಲ್ಲ. ನಮ್ಮ ಅತ್ತೆಯವರು ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿ. ಹೋಟೆಲಿನ ಬೆಳಗಿನ ತಿಂಡಿಯಲ್ಲಿ ಅವರಿಗೆ ಒಗ್ಗುತ್ತಿದ್ದುದು ಟೋಸ್ಟ್ ಮತ್ತು ಹಣ್ಣು ಮಾತ್ರ. ರಾತ್ರಿ ಕೋಣೆಯ ಕೆಟಲ್‌ನಲ್ಲಿ ನೀರು ಕಾಯಿಸಿ, ಅವಲಕ್ಕಿ ನೆನೆಸಿ, ಮೊಸರು ಕಲಸಿ ಉಣ್ಣುತ್ತಿದ್ದರು. ಹೊರಗೆ ಹೋದರೆ ಒಂದು ಮಸಾಲೆದೋಸೆ, ಒಂದು ಕಾಫಿಗೇ ಅವರ ಇಡೀ ದಿನದ ಭತ್ಯೆ ಮುಗಿಯುತ್ತಿತ್ತು. ವಯಸ್ಸಾದವರನ್ನು ವಾರಗಟ್ಟಲೆ ಹೀಗೆ ಇರಿಸುವುದು ನ್ಯಾಯವಲ್ಲ.

ಇಂಥ ಪರಿಸ್ಥಿತಿಯಲ್ಲಿರುವವರು ತಿಳಿದಿರಬೇಕಾದದ್ದೆಂದರೆ, ಈ ದರ ಕಾನೂನು ಗೊತ್ತುಪಡಿಸಿದ್ದಲ್ಲ, ಅದನ್ನು ಪ್ರಶ್ನಿಸಬಹುದು. ಹಿಂದಿನ ತಿಂಗಳುಗಳ ದಿನಸಿ ಖರ್ಚು ಕಾಣುವ ಬ್ಯಾಂಕ್ ಸ್ಟೇಟ್‌ಮೆಂಟನ್ನೂ ಹೋಟೆಲಿನಲ್ಲಿದ್ದಾಗಿನ ಊಟದ ರಸೀದಿಗಳನ್ನೂ ಜೋಡಿಸಿ, ಎರಡರ ವ್ಯತ್ಯಾಸವನ್ನು ಲೆಕ್ಕಹಾಕಿ ಲಿಖಿತವಾಗಿ ಕೇಳಿದ ಮೇಲೆ, ಫೋನಿನಲ್ಲಿ ಸಾಧ್ಯವೇ ಇಲ್ಲ ಎಂದಿದ್ದ ಲಾಸ್ ಅಡ್ಜಸ್ಟರ್ (ಕಂಪನಿಯ ಪರವಾಗಿ ಹಾನಿಯನ್ನು ಪರಿಶೀಲಿಸಿ ಲೆಕ್ಕ ಕಟ್ಟುವವರು) ಹೆಚ್ಚುವರಿ ಖರ್ಚಿನ ಬಹುಪಾಲನ್ನು ಒಪ್ಪಿದರು. ಒಪ್ಪದಿದ್ದರೆ ಕಂಪನಿಗೇ ದೂರು ಕೊಡಬೇಕು. ಅಂತಿಮ ಉತ್ತರಕ್ಕೆ ಅವರಿಗೆ 8 ವಾರಗಳ ಕಾಲಾವಕಾಶವಿರುತ್ತದೆ. ಆ ಉತ್ತರ ಬಂದ 6 ತಿಂಗಳೊಳಗೆ, ಇಂಥ ದೂರುಗಳನ್ನು ತೀರ್ಮಾನಿಸುವ ಸ್ವತಂತ್ರ ಸಂಸ್ಥೆಯಾದ ಫೈನಾನ್ಷಿಯಲ್ ಒಂಬುಡ್ಸ್‌ಮನ್ ಸರ್ವಿಸ್‌ಗೆ ಹೋಗಬಹುದು, ಅದಕ್ಕೆ ಶುಲ್ಕವಿಲ್ಲ.

ಬೆಂಗಳೂರಿನಲ್ಲೂ ಸ್ವಂತ ಮನೆಯಿರುವ ಗೆಳೆಯರು ಅಲ್ಲಿನ ವಿಮೆಯ ಬಗ್ಗೆ ಕೇಳಿದ್ದರು. 2021ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ, ವಿಮೆಗೆ ಒಳಪಟ್ಟ ಹಾನಿಯಿಂದ ಮನೆ ವಾಸಯೋಗ್ಯವಲ್ಲದಾಗ ಬದಲಿ ಮನೆಯ ಬಾಡಿಗೆಗೆ ಅವಕಾಶವಿದೆ. ಅದು ಬಾಡಿಗೆಯ ಮಾತು. ಊಟದ ಖರ್ಚನ್ನು ಅದರಿಂದ ನಿರೀಕ್ಷಿಸುವಂತಿಲ್ಲ.

ಕೊನೆಗೆ ಕಂಪನಿ ನಮ್ಮನ್ನು ಅಡುಗೆಮನೆಯಿರುವ ಸರ್ವಿಸ್ಡ್ ಅಪಾರ್ಟ್‌ಮೆಂಟಿಗೆ ಕಳಿಸಿತು. ಅಂದಿನಿಂದ ಭತ್ಯೆ ನಿಂತಿತು, ನಿಲ್ಲಬೇಕಾದದ್ದೇ. ಕುಕ್ಕರ್ ಇಟ್ಟು ಅನ್ನ ಸಾರು ಮಾಡಿಕೊಂಡ ಮೇಲೆ ಯಾರಿಗೂ ಆ ಹಣದ ನೆನಪೂ ಆಗಲಿಲ್ಲ. ದುರಸ್ತಿ ಕೆಲವು ದಿನಗಳಿಗಿಂತ ಹೆಚ್ಚು ಹಿಡಿಯುವುದಾದರೆ, ಕ್ಲೇಮು ದಾಖಲಿಸುವ ಮೊದಲ ಕರೆಯಲ್ಲೇ ಅಡುಗೆಮನೆಯಿರುವ ವಸತಿಯನ್ನು ಕೇಳಿ, ಆ ಕೋರಿಕೆಯನ್ನು ಇಮೇಲಿನಲ್ಲೂ ಕಳಿಸಿಡಿ.