ಪಿಕಪ್ ತುಂಬ ಪರ್ಸಿ, ಹಿಂದೆ ಮಿಕ್ಸರ್: ದಯವಿಟ್ಟು ಬೇಡ

ಕಲಬುರಗಿ ಕಡೆ ಮನೆ ಕಟ್ಟಿಸುತ್ತಿರುವವರು ಇದನ್ನು ಓದಿ. ಶಹಾಬಾದಿನಿಂದ ನೆಲಕ್ಕೆ ಹಾಸುವ ಪರ್ಸಿ ಕಲ್ಲು ತರಿಸುವಾಗ, ಒಂದು ಬಾಡಿಗೆ ಉಳಿಯುತ್ತದೆ ಅಂತ ಗುತ್ತಿಗೆದಾರ ಅದೇ ಪಿಕಪ್ ಹಿಂದೆ ಕಾಂಕ್ರೀಟ್ ಮಿಕ್ಸರ್ ಕಟ್ಟಲು ಹೊರಟರೆ ಒಪ್ಪಬೇಡಿ. ನಮ್ಮ ಗುತ್ತಿಗೆದಾರ ನನ್ನನ್ನು ಕೇಳಲೂ ಇಲ್ಲ, ಕಟ್ಟಿಸಿಯೇ ಬಿಟ್ಟಿದ್ದ.

ನಾನು ಬೈಕಿನಲ್ಲಿ ಹಿಂದೆ ಬರುತ್ತಿದ್ದೆ. ಗಾಡಿಯ ಹಿಂಭಾಗ ಕುಸಿದು ಮಡ್‌ಗಾರ್ಡಿನ ರಬ್ಬರ್ ರಸ್ತೆಗೆ ಉಜ್ಜುತ್ತಿತ್ತು. ಹಿಂದಿನ ಟೈರುಗಳ ಪಕ್ಕ ಉಬ್ಬಿಕೊಂಡಿತ್ತು. ಚಹಾಕ್ಕೆ ನಿಲ್ಲಿಸಿದಾಗ ಡ್ರೈವರಿಗೆ ಹೇಳಿದೆ. "ಏನೂ ಆಗಂಗಿಲ್ರಿ ಸರ, ಎರಡು ಪಟ್ಟಿ ಜಾಸ್ತಿ ಹಾಕ್ಸೀನಿ" ಅಂದ. ಕಮಾನ್ ಪಟ್ಟಿ, ಅಂದರೆ ಭಾರ ಹೊರುವ ಸ್ಪ್ರಿಂಗಿನ ಪಟ್ಟಿ, ಹೆಚ್ಚು ಹಾಕಿಸಿದರೆ ಗಾಡಿ ಕುಸಿಯುವುದು ಕಡಿಮೆ ಆಗುತ್ತದೆ, ಅಷ್ಟೇ. ಬ್ರೇಕು, ಆಕ್ಸಲ್ಲು, ಟೈರು ಮೊದಲಿನವೇ ಅಲ್ವಾ?

ಇಳಿಜಾರಿನಲ್ಲಿ ಎಮ್ಮೆ ಅಡ್ಡ ಬಂತು. ಬ್ರೇಕ್ ಒತ್ತಿದ. ಪಿಕಪ್ಪಿಗೆ ಬ್ರೇಕ್ ಇದೆ, ಎರಡು ಗಾಲಿಯ ಆ ಮಿಕ್ಸರಿಗೆ ಎಲ್ಲಿಂದ ಬರಬೇಕು? ಅದು ಹಿಂದಿನಿಂದ ನೂಕಿತು, ಒಂದು ಕಡೆ ತಿರುಗಿತು, ಗಾಡಿಯ ಹಿಂಭಾಗವನ್ನೂ ಎಳೆದುಕೊಂಡು ಹೋಯಿತು. ಕೊಕ್ಕೆಯ ಪಿನ್ನು ಕಟ್ಟಾಯಿತು. ಮಿಕ್ಸರ್ ತೊಗರಿ ಹೊಲದಲ್ಲಿ, ಪಿಕಪ್ ರಸ್ತೆ ಬದಿಯ ತಗ್ಗಿನಲ್ಲಿ. ಕಲ್ಲೆಲ್ಲ ಮುಂದಕ್ಕೆ ಜಾರಿ ಕ್ಯಾಬಿನ್ನಿನ ಹಿಂದಿನ ತಗಡು ಒಳಗೆ ಬಗ್ಗಿತ್ತು. ಡ್ರೈವರಿನ ಭುಜದ ಮೂಳೆ ಮುರಿಯಿತು, ಜೀವ ಉಳಿಯಿತು. ಎಮ್ಮೆ ತನ್ನ ಪಾಡಿಗೆ ತಾನು ಹೋಯಿತು.

ಲೆಕ್ಕ ಏನು ದೊಡ್ಡದಲ್ಲ. ಒಂದು ಇಂಚು ದಪ್ಪದ ಪರ್ಸಿ ಒಂದು ಚದರ ಅಡಿಗೆ 6 ಕಿಲೋಗಿಂತ ಸ್ವಲ್ಪ ಜಾಸ್ತಿ ತೂಗುತ್ತದೆ. 300 ಚದರ ಅಡಿ ಅಂದರೆ 1,800 ಕಿಲೋ ದಾಟಿತು. ನೋಡಲು ಗಾಡಿ ಅರ್ಧ ಖಾಲಿ ಕಾಣುತ್ತದೆ, ಅದಕ್ಕೇ ಎಲ್ಲರೂ ಮೋಸಹೋಗುವುದು. ಆರ್‌ಸಿಯಲ್ಲಿ ಖಾಲಿ ತೂಕ, ಲೋಡ್ ಸಮೇತ ತೂಕ ಎರಡೂ ಇರುತ್ತವೆ. 2,900ರಲ್ಲಿ 1,700 ಕಳೆದರೆ 1,200 ಕಿಲೋ ಉಳಿಯಿತು ಅಂದುಕೊಳ್ಳಿ. ಡ್ರೈವರ್, ಹಮಾಲಿ ಇಬ್ಬರ ತೂಕವೂ ಅದರಲ್ಲೇ ಸೇರಬೇಕು. ಆಮೇಲೆ ಉಳಿಯುವುದು ಸುಮಾರು 170 ಚದರ ಅಡಿ ಕಲ್ಲಿಗೆ ಮಾತ್ರ.

ಎಳೆಯುವ ತೂಕ ಬೇರೆಯೇ ಲೆಕ್ಕ. ಅದನ್ನು ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿ ನೋಡಬೇಕು. ಅಲ್ಲಿ ಬರೆದಿಲ್ಲ ಅಂದರೆ ಏನೂ ಕಟ್ಟಬೇಡಿ. ಹಿಂದೆ ಕಟ್ಟಿದ ಗಾಡಿಯ ತೂಕದಲ್ಲಿ ನೂರಕ್ಕೆ 10ರಿಂದ 15 ಭಾಗ ಕೊಕ್ಕೆಯ ಮೇಲೆ ಬೀಳಬೇಕು ಅನ್ನುತ್ತಾರೆ. ಕಡಿಮೆ ಬಿದ್ದರೆ ಹಿಂದಿನದು ಬಾಲ ಆಡಿಸುತ್ತದೆ. ಜಾಸ್ತಿ ಬಿದ್ದರೆ ಪಿಕಪ್ಪಿನ ಮುಂಭಾಗ ಹಗುರಾಗಿ ಸ್ಟೇರಿಂಗ್ ಮಾತು ಕೇಳುವುದಿಲ್ಲ. ಕೊಕ್ಕೆ ಮೇಲಿನ ಈ ಭಾರವನ್ನೂ ಲೋಡಿನಲ್ಲೇ ಕಳೆಯಬೇಕು.

ಕಲ್ಲು ತುಂಬಿದ ಮೇಲೆ ಕಾಟಾ ಮಾಡಿಸಿ, ಅಂದರೆ ವೇಬ್ರಿಡ್ಜಿನಲ್ಲಿ ಗಾಡಿ ಸಮೇತ ತೂಗಿಸಿ, ಚೀಟಿ ನಿಮ್ಮ ಕೈಯಲ್ಲಿರಲಿ. ಇನ್ಶೂರೆನ್ಸಿನವರು ಬಂದಾಗ ಮೊದಲು ಕೇಳಿದ್ದೇ ತೂಕ. ದಾರಿಯಲ್ಲಿ ಓವರ್‌ಲೋಡ್ ಸಿಕ್ಕಿಬಿದ್ದರೆ ದಂಡ 20,000 ರೂಪಾಯಿ, ಮೇಲೆ ಹೆಚ್ಚಿರುವ ಪ್ರತಿ ಟನ್ನಿಗೆ 2,000. ಅಲ್ಲೇ ಹೆಚ್ಚಿನ ಕಲ್ಲು ಇಳಿಸಬೇಕು, ಇಳಿಸಿದ ಖರ್ಚೂ ಬೇರೆ.