ಲಂಡನ್‌ನಲ್ಲಿ ಷೆಂಗೆನ್ ವೀಸಾ ಸೆಂಟರ್: ಐದಕ್ಕೆ ಎರಡೂವರೆ

ಷೆಂಗೆನ್ ಅಂದರೆ ಯೂರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯೋ ವೀಸಾ, ಅದರ ಅರ್ಜಿ ತಗೊಳ್ಳೋದು ಈ ಸೆಂಟರ್. ಯಾವ ದೇಶದ ಸೆಂಟರ್, ಯಾವ ಕಂಪನಿ ಅಂತ ಬರೆಯಲ್ಲ. ಆದರೆ ಲಂಡನ್‌ನಲ್ಲಿ ಅರ್ಜಿ ಹಾಕೋ ಕನ್ನಡದವರು ಹೋಗೋ ಮುಂಚೆ ಇದನ್ನೊಮ್ಮೆ ಓದಿ.

ನಮ್ಮ ಮನೆಯಲ್ಲಿ ಮೂರು ಥರದ ಜನ. ನಾನೂ ನಮ್ಮ ಮನೆಯವರೂ ಭಾರತದ ಪಾಸ್‌ಪೋರ್ಟಿನವರು, ಏಳು ವರ್ಷದ ಮಗಳದು ಬ್ರಿಟಿಷ್ ಪಾಸ್‌ಪೋರ್ಟ್, ಜೊತೆಗೆ ನಮ್ಮನ್ನು ನೋಡೋಕೆ ಮೈಸೂರಿಂದ ಬಂದಿದ್ದ ಅತ್ತೆ. ರೈಲಿನಲ್ಲಿ ನಾಲ್ಕು ದಿನ ಯೂರೋಪಿಗೆ ಹೋಗಿಬರೋಣ ಅಂತ ಪ್ಲಾನ್. ಮಗಳಿಗೆ ವೀಸಾನೇ ಬೇಡ. ನಮಗೆ ಬೇಕು, ಇಂಗ್ಲೆಂಡಿನಲ್ಲಿ ಎಷ್ಟು ವರ್ಷದಿಂದ ಇದ್ದರೂ ಬೇಕು. ಅತ್ತೆಯದೇ ಫಜೀತಿ. ಅವರು ಇಲ್ಲಿ ವಿಸಿಟರ್, ವಾಸ ಮೈಸೂರು, ಹಾಗಾಗಿ ವಿಶೇಷ ಕಾರಣ ಇಲ್ಲದಿದ್ದರೆ ಅರ್ಜಿಯನ್ನ ಭಾರತದಲ್ಲೇ ಹಾಕಬೇಕು. ಸೆಂಟರ್‌ನ ವೆಬ್‌ಸೈಟ್ ಮಾತ್ರ ಅವರಿಗೂ ಸ್ಲಾಟ್ (ಅರ್ಜಿ ಕೊಡೋಕೆ ಬರಬೇಕಾದ ದಿನ, ಹೊತ್ತು) ಕೊಟ್ಟಿತ್ತು, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ! ಒಳ್ಳೆ ಸೀರೆ ಉಟ್ಟು ಬಂದಿದ್ದ ಅವರನ್ನ ಕೌಂಟರಿನಿಂದ ವಾಪಸ್ ಕಳಿಸಿದಾಗ ನನಗೆ ಎಲ್ಲಿ ಮುಖ ಇಟ್ಟುಕೊಳ್ಳಲಿ ಅನ್ನಿಸಿತು. ಒಂದು ಸ್ಟಾರ್ ಅಲ್ಲೇ ಹೋಯಿತು.

ಸ್ಲಾಟ್ ಸಿಗೋದೇ ದೊಡ್ಡ ಕೆಲಸ. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದಲೇ ಅರ್ಜಿ ಹಾಕಬಹುದು, ಕೊನೇ ಪಕ್ಷ 15 ದಿನ ಮುಂಚೆ ಹಾಕಿರಬೇಕು. ಆದರೆ ಇಲ್ಲಿ ಎರಡು ತಿಂಗಳ ಕ್ಯಾಲೆಂಡರ್ ಪೂರ್ತಿ ಖಾಲಿ ತೋರಿಸುತ್ತಿತ್ತು, ಖಾಲಿ ಅಂದರೆ ಸ್ಲಾಟ್ ಇಲ್ಲ ಅಂತ. ನಾನು ರಾತ್ರಿ ಹಾಲಿಗೆ ಹೆಪ್ಪು ಹಾಕಿ, ಫೋನ್ ಹಿಡಿದು ರಿಫ್ರೆಶ್ ಮಾಡ್ತಾ ಕೂತು ಹನ್ನೊಂದನೇ ದಿನ ಒಂದು ಹಿಡಿದೆ. ದುಡ್ಡು ಜಾಸ್ತಿ ಕೊಟ್ಟರೆ ಪ್ರೀಮಿಯಂ ಸ್ಲಾಟ್ ಮಾತ್ರ ಎಷ್ಟು ಬೇಕಾದರೂ ಇತ್ತು. ಅದು ತಗೊಂಡರೆ ಸೋಫಾ, ಕಾಫಿ ಸಿಗುತ್ತದೆ ಅಷ್ಟೇ. ವೀಸಾ ಕೊಡೋದು ಬಿಡೋದು ಕಾನ್ಸುಲೇಟ್ ಕೈಯಲ್ಲಿ, ಈ ಸೆಂಟರ್ ಬರೀ ಅಂಚೆಯಣ್ಣ. ಸುಮ್ನೆ ದುಡ್ಡು ಹಾಳು ಮಾಡಬೇಡಿ.

ವೀಸಾ ಫೀ 90 ಯೂರೋ, 2024ರ ಜೂನ್‌ನಿಂದ ಇದೇ ದರ. ಸೆಂಟರ್‌ನ ಸೇವಾ ಶುಲ್ಕ ಬೇರೆ. ವೀಸಾ ಕೊಡದಿದ್ದರೂ ದುಡ್ಡು ವಾಪಸ್ ಇಲ್ಲ.

ಕಾಗದಪತ್ರ ಅಂದುಕೊಂಡಷ್ಟು ಕಷ್ಟ ಅಲ್ಲ. ಪಾಸ್‌ಪೋರ್ಟ್ ಕೊಟ್ಟು ಹತ್ತು ವರ್ಷ ದಾಟಿರಬಾರದು, ವಾಪಸ್ ಬರೋ ದಿನದಿಂದ ಕನಿಷ್ಠ ಮೂರು ತಿಂಗಳು ಚಾಲ್ತಿ ಇರಬೇಕು, ಎರಡು ಖಾಲಿ ಪುಟ ಬೇಕು. ಬಿಆರ್‌ಪಿ ಅನ್ನೋ ಇಲ್ಲಿನ ವಾಸದ ಪರವಾನಗಿ ಕಾರ್ಡಿನ ಕಾಲ ಮುಗಿದಿದೆ, ಇಲ್ಲಿ ವಾಸ ಇದ್ದೀವಿ ಅಂತ ತೋರಿಸೋಕೆ ಆನ್‌ಲೈನ್ ಇ-ವೀಸಾದ ಶೇರ್ ಕೋಡ್ ತಗೊಂಡು ಹೋಗಿ. ಹೋಟೆಲ್ ಬುಕಿಂಗ್, ಬ್ಯಾಂಕ್ ಸ್ಟೇಟ್‌ಮೆಂಟ್, ಆಫೀಸಿನ ಪತ್ರ ಎಲ್ಲ ಗೊತ್ತಿದ್ದದ್ದೇ. ನಾನು ಎಡವಿದ್ದು ಇನ್ಶೂರೆನ್ಸಿನಲ್ಲಿ. 30,000 ಯೂರೋ ಕವರ್ ಇರಬೇಕು ಅಂತ ನೋಡಿಕೊಂಡಿದ್ದೆ, ತಾರೀಖು ನೋಡಿರಲಿಲ್ಲ. ಹೊರಡೋ ದಿನ ಬಿಟ್ಟು ಮಾರನೇ ದಿನದಿಂದ ಶುರುವಾಗಿತ್ತು! ಕೌಂಟರಿನಲ್ಲಿದ್ದ ಹುಡುಗಿ ಅದನ್ನ ಕಂಡುಹಿಡಿದು, ಪಕ್ಕಕ್ಕೆ ಕೂರಿಸಿ, ಫೋನಿನಲ್ಲೇ ಸರಿಮಾಡಿಸಿ, ಸಾಲಿನಲ್ಲಿ ಮತ್ತೆ ನಿಲ್ಲಿಸದೆ ಕರೆದಳು. ಎರಡೂವರೆ ಸ್ಟಾರ್‌ನಲ್ಲಿ ಒಂದು ಪೂರ್ತಿ ಆ ಹುಡುಗಿಗೇ. ಪ್ರಿಂಟ್‌ಗೆ ಪುಟಕ್ಕಿಷ್ಟು ಅಂತ ಕಿತ್ತುಕೊಂಡರು, ಅದು ಬೇರೆ ಮಾತು.

ಬೆರಳಚ್ಚು ಒಮ್ಮೆ ಕೊಟ್ಟರೆ 59 ತಿಂಗಳು ನಡೆಯುತ್ತದೆ. ನಮ್ಮ ಮನೆಯವರದು ಹಳೇದು ಇತ್ತು, ಆದರೂ ಅವರನ್ನ ಕರೆಸಿ ಮತ್ತೆ ತಗೊಂಡರು. ಯಾಕೆ ಅಂತ ಕೇಳಿದರೆ ಉತ್ತರ ಇಲ್ಲ.

ಒಂಬತ್ತನೇ ದಿನ ಪಾಸ್‌ಪೋರ್ಟ್ ಬಂತು. ಸಿಂಗಲ್ ಎಂಟ್ರಿ, ಅಂದರೆ ಒಂದೇ ಸಲ ಒಳಗೆ ಹೋಗಬಹುದು, ಅದೂ ಎಣಿಸಿ ನಾಲ್ಕೇ ದಿನ. ಯೂರೋಪಿನ ರೈಲು ಹೊರಡೋ ಸೇಂಟ್ ಪ್ಯಾಂಕ್ರಾಸ್ ಸ್ಟೇಷನ್ನಿನಲ್ಲೇ ಫ್ರೆಂಚ್ ಪೊಲೀಸರು ಕೂತಿರುತ್ತಾರೆ, ಲಂಡನ್ ಬಿಡೋ ಮುಂಚೆಯೇ ಗಡಿ ದಾಟಿದ ಹಾಗೆ. 2025ರ ಅಕ್ಟೋಬರ್ 12ರಿಂದ ಇಇಎಸ್ ಅನ್ನೋ ಹೊಸ ಗಡಿ ತಪಾಸಣೆ ವ್ಯವಸ್ಥೆ ಹಂತಹಂತವಾಗಿ ಶುರುವಾಯಿತು, ಸೀಲ್ ಬದಲು ಫೋಟೋ, ಬೆರಳಚ್ಚು, ಹಾಗಾಗಿ ಬೇಗ ಹೋಗಿ. 12 ವರ್ಷದೊಳಗಿನ ಮಕ್ಕಳಿಗೆ ಬೆರಳಚ್ಚು ಇಲ್ಲ.

ತಮಾಷೆ ಏನು ಗೊತ್ತಾ? ಭಾರತದಲ್ಲಿ ವಾಸ ಇರುವವರು ಮೂರು ವರ್ಷದಲ್ಲಿ ಎರಡು ಷೆಂಗೆನ್ ವೀಸಾ ಸರಿಯಾಗಿ ಬಳಸಿದ್ದರೆ, 2024ರ ಏಪ್ರಿಲ್‌ನಲ್ಲಿ ಬಂದ ನಿಯಮದಂತೆ ಎರಡು ವರ್ಷದ ಮಲ್ಟಿಪಲ್ ಎಂಟ್ರಿ ಸಿಗಬಹುದು. ಇಲ್ಲಿರುವ ನಮಗೆ ಆ ನಿಯಮ ಇಲ್ಲ. ಇದನ್ನ ಅತ್ತೆಗೆ ಹೇಳಿದೆ. ಮುಂದಿನ ಸಲ ಬೆಂಗಳೂರಲ್ಲೇ ವೀಸಾ ಮಾಡಿಸಿಕೊಂಡು ಬರ್ತೀನಿ, ನೀವು ನಿಮ್ಮ ಸ್ಲಾಟ್ ಹುಡುಕ್ತಾ ಕೂತಿರಿ ಅಂದರು.