ಕೇಸ್ ರೂಪಿಸುವವರಿಗೆ ಇಂಪೀರಿಯಲ್ ಮೇಣ

ರೆಡ್ಡಿಂಗ್ ಕಂಪನಿ ಮಾರುವ ಇಂಪೀರಿಯಲ್ ಸೈಜಿಂಗ್ ಡೈ ವ್ಯಾಕ್ಸ್‌ನ ಪುಟ್ಟ ಡಬ್ಬಿಯನ್ನು ನಾನು ಇಲ್ಲಿ ಮೊಂಟಾನಾದಲ್ಲಿ ಕೊಂಡದ್ದು, .30-06 ಬಂದೂಕು ತೋಟಾಗಳ ಹಿತ್ತಾಳೆ ಕೇಸ್‌ಗಳ (ಮದ್ದು ತುಂಬುವ ಕೋಶಗಳ) ಕತ್ತನ್ನು ಕಿರಿದುಗೊಳಿಸಿ, ಇನ್ನೂ ಸಣ್ಣ ಗುಂಡಿನ 6.5-06 ತೋಟಾದ ಕೇಸ್ ರೂಪಿಸುವುದಕ್ಕಾಗಿ. ಅದಕ್ಕೂ ಮೊದಲು ಬಳಸುತ್ತಿದ್ದ ಬೇರೊಂದು ತಯಾರಕರ ಸ್ಪ್ರೇ ಎಣ್ಣೆಯಿಂದಾಗಿ ಕೇಸೊಂದು ಡೈಯೊಳಗೆ (ಕೇಸಿಗೆ ರೂಪ ಕೊಡುವ ಅಚ್ಚಿನೊಳಗೆ) ಕಚ್ಚಿಕೊಂಡು, ಅದನ್ನು ಒತ್ತುವ ಪ್ರೆಸ್‌ನ ಹಿಡಿಯನ್ನು ಎತ್ತಿದಾಗ ಕೇಸಿನ ತಳದ ಅಂಚು ಹರಿದೇ ಬಂದಿತ್ತು. ಕೊರೆದು, ಬೋಲ್ಟ್ ತಿರುಗಿಸಿ ಅದನ್ನು ಹೊರತೆಗೆಯುವಷ್ಟರಲ್ಲಿ ಒಂದಿಡೀ ಸಂಜೆ ಕಳೆದುಹೋಯಿತು.

ಈ ಮೇಣದಲ್ಲಿ ಬೆರಳ ತುದಿಗೆ ಅಂಟುವಷ್ಟಿದ್ದರೆ ಎರಡು ಮೂರು ಕೇಸ್‌ಗಳಿಗೆ ಸಾಕು. 7.82 ಮಿ.ಮೀ. ಗುಂಡಿಗೆ ಹೊಂದುವ ಕತ್ತನ್ನು ಒಮ್ಮೆಲೇ 6.71 ಮಿ.ಮೀ. ಗುಂಡಿಗೆ ಇಳಿಸದೆ, ಎರಡರ ನಡುವಿನ ಅಳತೆಯ .270 ಡೈಯಲ್ಲಿ ಒಂದು ಹಂತ ದಾಟಿಸುತ್ತೇನೆ; ಎರಡೂ ಹಂತಗಳಲ್ಲಿ ಕೇಸ್ ಬೆಣ್ಣೆಯಲ್ಲಿ ಕತ್ತಿ ಇಳಿದಂತೆ ಇಳಿಯುತ್ತದೆ, ಕತ್ತು ಸುಕ್ಕಾಗುವುದಿಲ್ಲ. ಕಿರಿದಾದ ಕತ್ತಿನ ಗೋಡೆ ದಪ್ಪವಾಗುವುದರಿಂದ, ಗುಂಡು ಕೂರಿಸಿ ಹೊರ ಅಳತೆ ತೆಗೆದು, ಅದು ಬಂದೂಕಿನಲ್ಲಿ ತೋಟಾ ಕೂರುವ ಚೇಂಬರ್‌ಗೆ ಹೊಂದುತ್ತದೆಯೇ ಎಂದು ನೋಡಲೇಬೇಕು. ಆ ಕೆಲಸವನ್ನು ಯಾವ ಮೇಣವೂ ತಪ್ಪಿಸದು.

ಕೇಸಿನ ಭುಜದ ಮೇಲೆ, ಅಂದರೆ ಕತ್ತಿನ ಕೆಳಗಿನ ಇಳಿಜಾರಿನ ಮೇಲೆ, ಹೆಚ್ಚು ಸವರಬಾರದು: ಸಿಕ್ಕಿಬಿದ್ದ ಮೇಣ ಹಿತ್ತಾಳೆಯನ್ನೇ ಒಳಕ್ಕೆ ಒತ್ತಿ ಉಗುರಿನಾಕಾರದ ಕುಳಿ ಮಾಡುತ್ತದೆ. ಕೆಲಸ ಮುಗಿದ ಮೇಲೆ ಒರೆಸುವುದೂ ಅಷ್ಟೇ ಮುಖ್ಯ, ಏಕೆಂದರೆ ಜಿಡ್ಡು ಉಳಿದ ಕೇಸ್ ಚೇಂಬರ್ ಗೋಡೆಯನ್ನು ಬಿಗಿಯಾಗಿ ಹಿಡಿಯದೆ ಬಂದೂಕಿನ ಬೋಲ್ಟ್ ಮೇಲೆ ಹೆಚ್ಚಿನ ಹೊರೆ ಹಾಕುತ್ತದೆ. ನೂರಾರು ಕೇಸ್‌ಗಳನ್ನು ಒಂದೊಂದಾಗಿ ಸವರುವುದು ನಿಧಾನದ ಕೆಲಸವೆಂಬುದು ನಿಜ, ಆದರೆ ರೂಪಿಸುವ ಕೆಲಸಕ್ಕೆ ನಾನು ಇನ್ನು ಬೇರೆ ಯಾವುದನ್ನೂ ಕೊಳ್ಳುವುದಿಲ್ಲ.